ಉಸಿರಿಗೆ ಬಿಟ್ಟ ಜಾಗ

ಸೆಪ್ಟೆಂಬರ್ 30

ನಾಳೆ ಆಯುಧಪೂಜೆ. ಮೈಕು, ಆಂಪ್ಲಿಫೈಯರ್, ಹಾರ್ನ್ ಎಲ್ಲ ಕೆಳಗಿಳಿಸಿ ಧೂಳು ಒರೆಸಿದೆ. ಹೋದ ವರ್ಷ ಈ ಕೆಲಸ ಚೈತ್ರಶ್ರೀ ಅವರದು. ಒಣಬಟ್ಟೆಯಲ್ಲಿ ಒರೆಸಿ, ಕಂಪ್ಯೂಟರಿನ ತಲೆಗೆ ಒಂದೇ ಬೊಟ್ಟು ಕುಂಕುಮ ಇಟ್ಟು, "ಇದಕ್ಕೆ ಇಷ್ಟೇ ಸಾಕು ಕಣ್ರೀ, ಹೆಚ್ಚಾದ್ರೆ ಶೀತ ಆಗುತ್ತೆ" ಅಂದಿದ್ದರು.

ಅವರು ಆಷಾಢದಿಂದ ಶಿರಾಳಕೊಪ್ಪದ ನಮ್ಮ ಪ್ರಚಾರದ ಅಂಗಡಿಗೆ ಬಂದಿಲ್ಲ. ಗಂಟಲಲ್ಲಿ ಗಂಟು ಬೆಳೆದಿತ್ತು, ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ದೀಪಾವಳಿ ಹೊತ್ತಿಗೆ ಸೊರಬದಿಂದ ಮೊದಲಿನ ಹಾಗೆ ಬಸ್ಸು ಹತ್ತಿ ಬರುತ್ತಾರೆ ಎಂದು ಅಂಗಡಿಯ ಯಜಮಾನರಾದ ಬಡೇಸಾಬರು ಹೇಳುತ್ತಾರೆ. ನಾನು ಕೇಳುವುದಿಲ್ಲ. ಅವರೇ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುತ್ತೇನೆ.

ಚೈತ್ರಶ್ರೀ ಅವರಿಲ್ಲದೆ ಹಿಂದಿನ ರೂಮು ಹಾಗೇ ಇದೆ. ಧ್ವನಿ ಗುಂಯ್‌ಗುಡದಿರಲಿ ಎಂದು ಸಾಬರ ಹೆಂಡತಿ ಕುಬ್ರಾ ಬೀ ಅಮ್ಮ ಹೊಲಿದುಕೊಟ್ಟ ಕೌದಿಗಳು ನಾಲ್ಕೂ ಗೋಡೆಗೆ ತೂಗುತ್ತಿವೆ. ಮಾತು ಬರೆಯುವುದು ನಾನು, ಮೈಕಿನ ಮುಂದೆ ಹೇಳುವುದು ಅವರು. ಸೀರೆ ಅಂಗಡಿ, ಗೊಬ್ಬರದ ಅಂಗಡಿ, ಕಣ್ಣು ತಪಾಸಣೆ, ಯಾರಾದರೂ ತೀರಿಕೊಂಡ ಸುದ್ದಿ. ಸಾಬರ ಸೋದರಳಿಯ ಕಲೀಂ ಅದನ್ನು ಆಟೋ ಮೇಲೆ ಹಾರ್ನ್ ಕಟ್ಟಿಕೊಂಡು ಊರೂರಿಗೆ ಕೇಳಿಸುತ್ತಾನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ತಾಳಗುಂದದಲ್ಲಿ ಎಮ್ಮೆ ಕಾದ ನನ್ನಂಥವನ ವಾಕ್ಯವನ್ನು ಜನ ನಿಂತು ಕೇಳಿದರೆ ಅದು ಆ ಧ್ವನಿಗೆ.

ರೆಕಾರ್ಡಿಂಗ್ ಮುಗಿದ ಮೇಲೆ ತಪ್ಪಿದ ಭಾಗಗಳನ್ನು ಕತ್ತರಿಸಿ ಬಿಸಾಕಬೇಕು. ನಾನು ಬಿಸಾಕಲಿಲ್ಲ. ಕಂಪ್ಯೂಟರಿನಲ್ಲಿ 'ವೇಸ್ಟ್' ಎಂದು ಒಂದು ಫೋಲ್ಡರ್ ಮಾಡಿ ಅದರಲ್ಲಿ ತುಂಬಿದ್ದೇನೆ. ಕೆಮ್ಮು, ನಗು, ಬಸ್ಸಿನ ಹಾರ್ನಿಗೆ ಬೈದದ್ದು. "ಏನ್ರೀ ಶಿವರಾಮ, ಇಷ್ಟುದ್ದ ಬರೆದ್ರೆ ನಾನು ಉಸಿರು ಎಲ್ಲಿ ತಗೊಳ್ಳಲಿ?" ಎಂದು ಕೇಳಿದ್ದು. ಅದಾದ ಮೇಲೆ ನಾನು ಉಸಿರಿಗೆ ಜಾಗ ಬಿಟ್ಟು ಸಣ್ಣ ಗೆರೆ ಎಳೆದು ಬರೆಯುತ್ತೇನೆ. ಅವರ ಧ್ವನಿಯಲ್ಲಿ ನನ್ನ ಹೆಸರು ಇರುವುದು ಆ ಫೋಲ್ಡರಿನಲ್ಲಿ ಮಾತ್ರ. ನನ್ನ ಮೊಬೈಲಿಗೆ ಹಾಕಿಕೊಂಡಿಲ್ಲ, ತಮ್ಮನ ಕೈಗೆ ಸಿಕ್ಕರೆ ಊರಿಗೆಲ್ಲ ಕೇಳಿಸುತ್ತಾನೆ.

ಚಂದ್ರಗುತ್ತಿ ಜಾತ್ರೆಗೆ ವಿಶೇಷ ಬಸ್ಸಿನ ಪ್ರಕಟಣೆ ರೆಕಾರ್ಡ್ ಆದ ದಿನದ ಒಂದು ತುಂಡು ಇದೆ. ಅದರಲ್ಲಿರುವುದನ್ನು ಇಲ್ಲಿಯೂ ಬರೆಯುವುದಿಲ್ಲ.

ಅಕ್ಟೋಬರ್ 1

ನಾನೇ ಮಾಡಿದ್ದು.

ಪ್ರತಿ ಶುಕ್ರವಾರ ಸಾಬರು ನಮಾಜಿಗೆ ಹೋದಾಗ ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡುತ್ತೇನೆ. ಅದು ಅವರ ಮನೆಯಲ್ಲಿ, ಕುಬ್ರಾ ಬೀ ಅಮ್ಮನ ಟ್ರಂಕಿನಲ್ಲಿ ಇರುತ್ತದೆ. ಇವತ್ತು ನಾನು ಅದನ್ನೂ ಕೇಳಿ ತರಿಸಿದೆ. ಅದೂ ದುಡಿಯುವ ಸಾಮಾನೇ ಅಲ್ಲವೇ, ವರ್ಷಕ್ಕೊಮ್ಮೆ ಅದಕ್ಕೂ ಪೂಜೆ ಆಗಲಿ ಎಂದು.

ಸಾಬರು, "ನಿಮ್ಮ ಹಬ್ಬ, ನೀನೇ ಯಜಮಾನ" ಎಂದು ಬಾಳೆಹಣ್ಣು ಹಿಡಿದು ಪಕ್ಕದಲ್ಲಿ ನಿಂತರು. ಕಂಪ್ಯೂಟರಿನ ಡಬ್ಬಿಯನ್ನು ಅಡ್ಡ ಮಲಗಿಸಿ ಅದರ ಮೇಲೆ ಡಿಸ್ಕ್ ಇಟ್ಟು ಹೂವು ಏರಿಸಿದೆ. ಕಾಯಿ ಒಡೆದೆ. ಅಪ್ಪ ನೇಗಿಲಿಗೆ, ಕುಡುಗೋಲಿಗೆ, ಕೂರಿಗೆಗೆ ಮಾವಿನೆಲೆ ಅದ್ದಿ ಕಾಯಿನೀರು ಚಿಮುಕಿಸುತ್ತಿದ್ದ. ನನ್ನ ಕೈಗೂ ಅದೇ ಅಭ್ಯಾಸ ಬಂತು. ಎಲ್ಲದಕ್ಕೂ ಧಾರಾಳವಾಗಿ ಚಿಮುಕಿಸಿದೆ.

ಪೂಜೆ ಆದ ಮೇಲೆ ಯಂತ್ರವನ್ನು ಒಂದು ಸಲ ಚಾಲೂ ಮಾಡಲೇಬೇಕು. ಡಿಸ್ಕಿನ ವಯರ್ ಸಿಕ್ಕಿಸಿ ಗುಂಡಿ ಒತ್ತಿದೆ. ಚಟ್ ಎಂದಿತು. ಸುಟ್ಟ ವಾಸನೆ. ಊದುಬತ್ತಿ ಅಂದುಕೊಂಡೆವು.

ಅಕ್ಟೋಬರ್ 2

ಕುಬ್ರಾ ಬೀ ಅಮ್ಮ ಡಿಸ್ಕನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾರೆ. ಅವರ ಮೊಬೈಲ್ ಬಚ್ಚಲಿಗೆ ಬಿದ್ದಾಗ ಹಾಗೆಯೇ ಸರಿಹೋಗಿತ್ತಂತೆ.

ಚೈತ್ರಶ್ರೀ ಅವರು ಇದ್ದಿದ್ದರೆ ಒಂದೇ ಬೊಟ್ಟು ಇಡುತ್ತಿದ್ದರು.

ಅಕ್ಟೋಬರ್ 4

ಸಾಬರೂ ನಾನೂ ಶಿಕಾರಿಪುರಕ್ಕೆ ಹೋದೆವು. ಅಲ್ಲಿ ರೇಣುಕಾಪ್ರಸಾದ್ ಎಂಬವರು ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಡಿಸ್ಕ್ ಅಲುಗಾಡಿಸಿದರು. ವಯರ್ ಸಿಕ್ಕಿಸುವ ತೂತಿನಿಂದ ಅಕ್ಕಿ ನುಚ್ಚು ಉದುರಿತು.

"ಯಾರ್ರೀ ಇದನ್ನ ಅಕ್ಕೀಲಿ ಇಟ್ಟಿದ್ದು?"

"ನಮ್ಮನೆಯವರು. ಮೊಬೈಲು ಹಂಗೇ ಸರಿಹೋಗಿತ್ತು" ಅಂದರು ಸಾಬರು.

"ಅದು ಅಕ್ಕಿಯಿಂದ ಸರಿಹೋಗಿದ್ದಲ್ಲ ಸಾಬ್ರೇ, ಅದರ ಆಯಸ್ಸು ಗಟ್ಟಿ ಇತ್ತು." ಮೂಗಿನ ಹತ್ತಿರ ಹಿಡಿದರು. "ಕಾಯಿ ವಾಸನೆ ಬರ್ತಾ ಇದೆಯಲ್ಲ."

ನಾನು ನೆಲ ನೋಡಿದೆ. ಸಾಬರೇ ಎಲ್ಲ ಹೇಳಿದರು. ನನ್ನ ಹೆಸರು ಹೇಳಲಿಲ್ಲ, 'ನಾವು' ಅಂದರು.

"ಬರೀ ನೀರಿಗಿಂತ ಕಾಯಿನೀರು ಕೆಟ್ಟದ್ದು, ಉಪ್ಪಿನಂಶ ಇರುತ್ತೆ. ಅದೂ ಹೋಗ್ಲಿ, ಒದ್ದೆ ಇದ್ದಾಗ ಕರೆಂಟ್ ಕೊಟ್ರಲ್ಲ. ಹಂಗೇ ತಂದಿದ್ರೆ ಅರ್ಧ ಕೆಲಸ ಸಲೀಸಾಗ್ತಿತ್ತು. ಕಾಪಿ ಇರ್ಲಿಲ್ವಾ?"

"ಇತ್ತು. ಇದೇ ಕಾಪಿ."

"ಇದು ಮನೇಲಿರುತ್ತೆ ಅಂದ್ರಿ?"

"ಪೂಜೆಗೆ ಅಂತ ತಂದ್ವಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನಮ್ಮಲ್ಲಿಗೆ ಬರೋದು ನಾಕೈದು ರೋಗ. ಕೈ ಜಾರಿ ಬೀಳ್ಸೋರು, ಕರೆಂಟು ಏರುಪೇರಾಗಿ ಸುಟ್ಕೊಳ್ಳೋರು, ಕಂಡೋರ ಪೆನ್‌ಡ್ರೈವ್ ಹಾಕಿ ವೈರಸ್ ಹತ್ತಿಸ್ಕೊಳ್ಳೋರು, ನೋಡದೆ ಡಿಲೀಟ್ ಒತ್ತೋರು. ಕೆಲವು ಡಿಸ್ಕಿಗೆ ವಯಸ್ಸೂ ಆಗಿರುತ್ತೆ. ಭಕ್ತರು ಬಂದಿದ್ದು ಇದೇ ಮೊದಲು" ಅಂದರು.

ಕಂಪ್ಯೂಟರಿನ ಒಳಗಿನದು ಪೂರ್ತಿ ಹೋಗಿದೆ. ಹೊರಗಿನದಕ್ಕೆ ಏನೋ ಜೋಡಿಸಿ ನೋಡಿದರು. ಕಟ್ ಕಟ್ ಎಂದು ಸದ್ದು ಮಾಡುತ್ತ, ತಡೆದು ತಡೆದು ಹೆಸರುಗಳನ್ನು ತೋರಿಸಿತು.

"ಒಳಗಿನ ಮುಳ್ಳು ಸೋತಿದೆ. ಓದಿದಷ್ಟೂ ಸವೀತಾ ಹೋಗುತ್ತೆ, ಯಾವಾಗ ನಿಲ್ಲುತ್ತೋ ಹೇಳಕ್ಕಾಗಲ್ಲ. ಯಾವ ಫೋಲ್ಡರ್ ಮೊದಲು ಬೇಕು ಹೇಳ್ರಿ."

ಸಾಬರು ತೋಟಪ್ಪನವರ ಬಟ್ಟೆ ಅಂಗಡಿ ಅಂದರು, ಗೊಬ್ಬರದ್ದು ಅಂದರು, ಇನ್ನೂ ಕೆಲವು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೇನಾದ್ರೂ ಇದೆಯೇನಪ್ಪಾ ಶಿವರಾಮ?" ಎಂದು ಕೇಳಿದರು.

ರೇಣುಕಾಪ್ರಸಾದ್ ಪರದೆ ನೋಡುತ್ತ, "ವೇಸ್ಟ್ ಅಂತ ಒಂದಿದೆ. ಭಾರೀ ದೊಡ್ಡದು" ಅಂದರು.

"ವೇಸ್ಟ್ ತಗೊಂಡು ಏನ್ಮಾಡೋದು, ಬಿಡ್ರಿ" ಎಂದು ಸಾಬರು ನಕ್ಕರು.

ಇಬ್ಬರೂ ನನ್ನ ಮುಖ ನೋಡಿದರು. ನಾನು ಹೌದು, ಬಿಡಿ ಎಂದು ತಲೆ ಆಡಿಸಿದೆ.

ಅಕ್ಟೋಬರ್ 5

ತಲೆ ಆಡಿಸಿದೆ.

ಅಕ್ಟೋಬರ್ 9

ಫೋನ್ ಮಾಡಲು ಮೂರು ಸಲ ನಂಬರ್ ಒತ್ತಿ ಅಳಿಸಿದೆ. ಕೊನೆಗೆ ಮಧ್ಯಾಹ್ನ ಸಾಬರು ಊಟಕ್ಕೆ ಹೋದಾಗ ಮಾಡಿದೆ.

"ಸಾರ್, ಆ ವೇಸ್ಟ್ ಅಂತ ಇತ್ತಲ್ಲ, ಅದನ್ನೂ ತೆಗೀಬಹುದಾ?"

"ಅಯ್ಯೋ ಮಾರಾಯ. ನಿಮ್ಮ ಸಾಬ್ರು ಹೇಳಿದ್ದೆಲ್ಲ ಬಂತು. ಅಷ್ಟು ಬಂದಿದ್ದೇ ತಡ, ಡಿಸ್ಕ್ ನಿಂತೇ ಹೋಯ್ತು. ಇನ್ನು ದೊಡ್ಡೂರಿಗೆ ಕಳಿಸಿದ್ರೂ ಸಿಗೋದು ಅನುಮಾನ. ಏನಿತ್ತು ಅದ್ರಲ್ಲಿ?"

"ಏನಿಲ್ಲ ಸಾರ್. ವೇಸ್ಟ್."

"ಮತ್ತೆ ಯಾಕೆ ಕೇಳ್ತೀಯ? ಅವತ್ತೇ ಹೇಳಿದ್ರೆ ಮೊದಲು ಅದನ್ನೇ ತೆಗೀತಿದ್ದೆ."

ಡೇಟಾ ಹೋಗುವ ಕಾರಣಗಳನ್ನು ಅವತ್ತು ಅವರು ಒಂದೊಂದಾಗಿ ಹೇಳಿದರಲ್ಲ, ಅದರಲ್ಲಿ ನಾಚಿಕೆಯನ್ನು ಸೇರಿಸಿರಲಿಲ್ಲ.

ಸಂಜೆ ಹಿಂದಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ವೇಸ್ಟಿನಲ್ಲಿ ಇದ್ದದ್ದನ್ನು ಮೊದಲಿಂದ ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ನೋಡಿದೆ. ಮೊದಲನೆಯದು ಕೆಮ್ಮು. ಎರಡನೆಯದು ಬಸ್ಸು. ಮೂರನೆಯದು ಉಸಿರು. ಎಲ್ಲಿ ನಗುತ್ತಾರೆ, ನಗುವ ಮುಂಚೆ ಮೂಗಿನಲ್ಲಿ ಹೇಗೆ ಗಾಳಿ ಬಿಡುತ್ತಾರೆ ಎಲ್ಲ ಇದೆ. ಎಷ್ಟು ದಿನ ಇರುತ್ತದೋ.

ಅಕ್ಟೋಬರ್ 11

ತೋಟಪ್ಪನವರಿಗೆ ದೀಪಾವಳಿಗೆ ಹೊಸ ಮಾತೇ ಬೇಕಂತೆ. ಹಳೆಯದರಲ್ಲಿ ಯುಗಾದಿ ಇದೆ. ಕಲೀಂ ತನ್ನ ಮೊಬೈಲಿನಲ್ಲಿ ಅದ್ಯಾವುದೋ ಹೆಂಗಸಿನ ಧ್ವನಿ ಬರಿಸಿದ. ನಾವು ಬರೆದುಕೊಟ್ಟರೆ ಯಂತ್ರವೇ ಓದುತ್ತದೆ. ತೋಟಪ್ಪನವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ತಪ್ಪೇನಿಲ್ಲ. ಆದ್ರೆ ಈಯಮ್ಮಂಗೆ ಹಸಿವು ನಿದ್ರೆ ಏನೂ ಇಲ್ಲೇನ್ರಿ? ಉಸಿರೇ ತಗೊಳ್ದೆ ಸೀರೆ ಮಾರ್ತಾಳೆ. ನಮ್ ಹುಡುಗಿ ಯಾವಾಗ ಬರ್ತಾಳೆ?"

"ಬರ್ತಾಳೆ, ಬರ್ತಾಳೆ" ಅಂದರು ಸಾಬರು.

"ಹಬ್ಬ ಆದ್ಮೇಲೆ ಬಂದು ಏನ್ ಮಾಡಾದು? ಇವನ ಕೈಲಿ ಹೇಳಿಸ್ರಿ. ಬರಿಯೋನಿಗೆ ಓದಕ್ಕೆ ಬರಲ್ವ?"

ಕಲೀಂ ಬಿದ್ದು ಬಿದ್ದು ನಕ್ಕ. "ಇವನಾ? ಇವನು ಹೋಟ್ಲಲ್ಲಿ ಟೀ ಬೇಕು ಅಂತ ಹೇಳಕ್ಕೆ ನನ್ನ ಕರ್ಕೊಂಡು ಹೋಗ್ತಾನೆ ಮಾಮೂ."

ಸಾಬರು ನಗಲಿಲ್ಲ. ಒಳಗೆ ಹೋಗಿ ಮೈಕು ನನ್ನ ಬಾಯಿಯ ಎತ್ತರಕ್ಕೆ ಇಳಿಸಿದರು. ಅದು ಆಷಾಢದಿಂದ ಚೈತ್ರಶ್ರೀ ಅವರ ಎತ್ತರಕ್ಕೇ ಇತ್ತು. ಧೂಳು ಒರೆಸಿ ಮತ್ತೆ ಇಟ್ಟಾಗಲೂ ನಾನು ಆ ಎತ್ತರ ಬದಲಿಸಿರಲಿಲ್ಲ.

ಮೊದಲು ಧ್ವನಿಯೇ ಬರಲಿಲ್ಲ. ಆಮೇಲೆ, ಅವರು ಹೇಗೆ ಹೇಳುತ್ತಿದ್ದರೋ ಹಾಗೆ ಹೇಳಲು ಹೋದೆ. ಗೆರೆ ಎಳೆದ ಕಡೆ ಉಸಿರು ತೆಗೆದುಕೊಂಡೆ. ಆ ಗೆರೆಗಳು ಅವರ ಉಸಿರಿನ ಅಳತೆಗೆ ಇದ್ದವು, ನನಗೂ ಸರಿಹೋಯಿತು.

ಅಕ್ಟೋಬರ್ 14

ಕಲೀಂ ಶಿರಾಳಕೊಪ್ಪ ಮುಗಿಸಿ ನಿನ್ನೆ ಆನವಟ್ಟಿ, ಇವತ್ತು ಸೊರಬ. ಗೊಬ್ಬರದ ಅಂಗಡಿಯವರೂ ನನ್ನ ಹತ್ತಿರವೇ ಹೇಳಿಸಿದರು. ಇವತ್ತು ಎರಡು ಸಾವಿನ ಸುದ್ದಿ ಹೇಳಿದೆ. ಟೀ ತರಲು ಹೋದಾಗ ಹೋಟೆಲಿನವನು, "ಬಟ್ಟೆ ಅಂಗಡಿದು ಧ್ವನಿ ನಿಂದೇನಪ್ಪಾ?" ಎಂದು ಕೇಳಿದ. ಹೌದು ಅಂದೆ. ಸಕ್ಕರೆ ಕಡಿಮೆ ಹಾಕಲು ಹೇಳಿ ಬಂದೆ.

ಅವರ ನಗು ನೆನಪಿಗೆ ಬರುತ್ತದೆ. ಆದರೆ ಬೇಕೆಂದಾಗ ಬರುವುದಿಲ್ಲ, ತಾನಾಗಿ ಬರಬೇಕು.

ಅಕ್ಟೋಬರ್ 16

ಸೊರಬದಿಂದ ವಾಟ್ಸಾಪ್. ಚೈತ್ರಶ್ರೀ ಅವರದು.

"ಮೊನ್ನೆ ನಮ್ಮ ಬೀದೀಲಿ ಆಟೋ ಹೋಯ್ತು. ವಾಕ್ಯ ನಿಮ್ಮದು. ಧ್ವನಿ ಯಾರದ್ದು?"

"ನನ್ನದೇ" ಎಂದು ಬರೆದೆ.

ಆಮೇಲೆ ಉದ್ದದ ಉತ್ತರ ಒಟ್ಟಿಗೆ ಬಂತು. ಅವರ ಧ್ವನಿ ಮೊದಲಿನ ಹಾಗೆ ಆಗುವುದಿಲ್ಲವಂತೆ. ಗಂಟು ನರಕ್ಕೆ ಅಂಟಿಕೊಂಡಿತ್ತು, ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಇವರೇ ಸಾಬರಿಗೆ ತಿಳಿಸಿರಲಿಲ್ಲ. ಕೊನೆಯಲ್ಲಿ ಹೀಗಿತ್ತು: "ನಂದು ಏನಾದ್ರೂ ಇದೆಯಾ ಶಿವರಾಮ? ಜಾಹೀರಾತು ಬೇಡ, ಅದು ಆಟೋದಲ್ಲಿ ಬರುತ್ತೆ. ನಾನು ಸುಮ್ನೆ ಮಾತಾಡಿದ್ದು. ನೀವು ತಪ್ಪಿದ್ದನ್ನ ಡಿಲೀಟ್ ಮಾಡ್ತಿರ್ಲಿಲ್ಲ, ನೋಡಿದ್ದೀನಿ."

ಗೋಡೆಯ ಕೌದಿಗೆ ಮುಖ ಒತ್ತಿಕೊಂಡು ನಿಂತೆ. ಅದರೊಳಗೆ ಹೋದ ಸದ್ದು ಹೊರಗೆ ಬರುವುದಿಲ್ಲ.

ಭಾನುವಾರ ಬರುತ್ತೇನೆ ಎಂದು ಬರೆದಿದ್ದೇನೆ.

ಅಕ್ಟೋಬರ್ 19

ಸೊರಬದ ಬಸ್ಸು ಹತ್ತುವಾಗ ಕೈಯಲ್ಲಿ ಏನೂ ಇರಲಿಲ್ಲ. ಕುಬ್ರಾ ಬೀ ಅಮ್ಮ ಕೊಟ್ಟ ಖರ್ಜೂರದ ಪೊಟ್ಟಣ ಬಿಟ್ಟರೆ.

ಚೈತ್ರಶ್ರೀ ಅವರ ತಾಯಿ ಬಸವಣ್ಣೆಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಿದ್ದರು. ಚೈತ್ರಶ್ರೀ ಅವರು ಒಳಗಿನಿಂದ ಬಂದು "ಬನ್ನಿ" ಅಂದರು. ಹಾರ್ನಿನ ವಯರ್ ಸರಿಯಾಗಿ ಕೂರದಿದ್ದಾಗ ಬರುವ ಸದ್ದು ಹೇಗಿರುತ್ತದೋ ಹಾಗೆ, ಗಾಳಿ ಹೆಚ್ಚು, ಮಾತು ಕಡಿಮೆ. ಕುತ್ತಿಗೆಗೆ ದಾವಣಿಯ ತುಂಡು ಸುತ್ತಿಕೊಂಡಿದ್ದರು.

ನಾನು ಕೂರುವ ಮುಂಚೆಯೇ ಹೇಳಿಬಿಟ್ಟೆ. ಕಾಯಿನೀರು, ಡಿಸ್ಕು, ಶಿಕಾರಿಪುರ. ಮೊದಲು ಯಾವುದು ಬೇಕೆಂದು ಕೇಳಿದಾಗ ನಾನು ತಲೆ ಆಡಿಸಿದ್ದು. ಅದನ್ನೂ ಹೇಳಿದೆ.

"ಎಲ್ಲಾ ಹೋಯ್ತಾ?"

"ಜಾಹೀರಾತು ಎಲ್ಲ ಇದೆ."

"ಅದು ನಾನಲ್ಲ ಕಣ್ರೀ. ಅದು ಸೀರೆ ಅಂಗಡಿ."

ಬಸವಣ್ಣೆಮ್ಮನ ಮೊರದ ಸದ್ದು ಕೇಳುತ್ತಿತ್ತು. ಚೈತ್ರಶ್ರೀ ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು, "ನಾನು ಹೆಂಗೆ ಮಾತಾಡ್ತಿದ್ದೆ ಅಂತ ನಂಗೇ ಮರೀತಾ ಇದೆ. ಕೇಳಿದ್ರೆ ಅಮ್ಮ ಅಳ್ತಾರೆ, ಹೇಳಲ್ಲ."

ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಎದ್ದು ಬರುತ್ತಿದ್ದೆ. ಕಂಬ ನೋಡಿಕೊಂಡು ಮೊದಲನೆಯದರಿಂದ ಶುರು ಮಾಡಿದೆ. ಕೆಮ್ಮಿದೆ. "ಥೂ, ಇನ್ನೊಂದ್ಸಲ" ಅಂದೆ. ಬಸ್ಸಿನ ಹಾರ್ನು ಹಾಕಿದೆ, "ಈ ಬಸ್ಸಿಗೆ ನನ್ನ ಕಂಡ್ರೆ ಆಗಲ್ಲ, ಬಾಯಿ ತೆಗೆದ ತಕ್ಷಣ ಬರುತ್ತೆ" ಅಂದೆ. ಉಸಿರು ಎಲ್ಲಿ ತಗೊಳ್ಳಲಿ ಎಂದದ್ದು. "ಶಿವರಾಮ, ಬೆಲ್ಲ ಅಂದ್ರೆ ಸಾಕಲ್ವೇನ್ರೀ, ಸಿಹಿಯಾದ ಬೆಲ್ಲ ಯಾಕೆ, ಖಾರದ ಬೆಲ್ಲ ಎಲ್ಲಿ ಸಿಗುತ್ತೆ?" ಎಂದದ್ದು. ನನ್ನ ಡಬ್ಬಿಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ತುಂಬಿದ ಬಾಯಲ್ಲಿ "ಉಪ್ಪು ಕಮ್ಮಿ" ಎಂದದ್ದು. ಮೂಗಿನಲ್ಲಿ ಗಾಳಿ ಬಿಟ್ಟು ಆಮೇಲೆ ನಗುವುದು.

ಮೊರದ ಸದ್ದು ಯಾವಾಗಲೋ ನಿಂತಿತ್ತು. ಬಸವಣ್ಣೆಮ್ಮ, "ಹೌದು, ಹಂಗೇ ಅಂತಿದ್ಲು. ಮೂಗಲ್ಲಿ ಹಂಗೇ" ಅಂದರು.

ತಿರುಗಿ ನೋಡಿದೆ. ಚೈತ್ರಶ್ರೀ ಅವರು ದಾವಣಿಯ ತುಂಡನ್ನು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು, ಸದ್ದಿಲ್ಲದೆ. ಕಣ್ಣಲ್ಲಿ ನೀರೂ ಇತ್ತು.

"ಅಷ್ಟೇನಾ?" ಎಂದು ಕೇಳಿದರು.

"ಅಷ್ಟೇ."

"ಇನ್ನೊಂದಿರ್ಬೇಕಲ್ಲ. ಚಂದ್ರಗುತ್ತಿ ಬಸ್ಸಿಂದು ಆದ್ಮೇಲೆ."

ನಾನು ಮತ್ತೆ ಕಂಬದ ಕಡೆ ತಿರುಗಿದೆ.

"ಮೈಕು ಆಫ್ ಆಗಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು" ಅಂದರು. ಬಸವಣ್ಣೆಮ್ಮ ಖರ್ಜೂರ ತಟ್ಟೆಗೆ ಹಾಕಲು ಒಳಗೆ ಹೋದರು. ಬೇಕೆಂದೇ ಹೋದರೋ ಏನೋ.

ಈಗ ಇಲ್ಲಿ ಬರೆಯುತ್ತೇನೆ. ಕುರ್ಚಿ ಎಳೆದ ಸದ್ದು ಆದ ಮೇಲೆ ಅವರು ಮೆಲ್ಲಗೆ ಹೇಳಿದ್ದು ಇದು: "ಶಿವರಾಮ ಬರೆದದ್ದನ್ನ ಓದೋಕೆ ಅಂತಾನೇ ಬಸ್ಸು ಹತ್ತಿ ಬರ್ತೀನಿ. ಇದನ್ನ ಅವರಿಗೆ ಯಾರು ಹೇಳ್ಬೇಕು."

ಅದನ್ನು ಇವತ್ತು ಹೇಳಲು ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಬಂದುಬಿಟ್ಟೆ.

ಅಕ್ಟೋಬರ್ 25

ಹಬ್ಬ ಮುಗಿಯಿತು. ರೇಣುಕಾಪ್ರಸಾದ್ ಹೊಸ ಕಂಪ್ಯೂಟರನ್ನು ತಾವೇ ತಂದು ಕೂರಿಸಿದರು. ಕರೆಂಟು ಹೋದರೂ ತಟ್ಟನೆ ಆರದ ಹಾಗೆ ಬ್ಯಾಟರಿ ಡಬ್ಬಿ ಒಂದನ್ನು ಜೋಡಿಸಿದರು. ಎರಡು ಹೊರಗಿನ ಡಿಸ್ಕ್ ಕೊಟ್ಟರು.

"ಒಂದು ಇಲ್ಲಿರ್ಲಿ. ಇನ್ನೊಂದು ಬೇರೆ ಊರಲ್ಲಿರ್ಲಿ. ಬೆಂಕಿ ಬೀಳ್ಲಿ, ಕಳ್ಳ ಬರ್ಲಿ, ಕಾಯಿ ಒಡೀಲಿ, ಎರಡೂರಲ್ಲಿ ಒಂದೇ ದಿನ ಆಗಲ್ಲ. ವಾರಕ್ಕೊಂದ್ಸಲ ಅದಲು ಬದಲು ಮಾಡ್ರಿ. ಮುಖ್ಯವಾದ್ದನ್ನ ಇಂಟರ್ನೆಟ್ಟಲ್ಲೂ ಹಾಕಿಡ್ರಿ. ಆಮೇಲೆ ಕಾಪಿ ಆಗಿದೆ ಅಂತ ನಂಬ್ಕೊಂಡು ಕೂರ್ಬೇಡ್ರಿ, ಆಗಾಗ ತೆರೆದು ಕೇಳಿ ನೋಡ್ರಿ. ಎಷ್ಟೋ ಜನರ ಕಾಪಿ ಡಬ್ಬಿ ತೆಗೆದ್ರೆ ಒಳಗೆ ಏನೂ ಇರಲ್ಲ."

"ಬೇರೆ ಊರಲ್ಲಿ ನಮ್ಮೋರು ಯಾರಿದ್ದಾರೆ" ಎಂದು ಸಾಬರು ಗಡ್ಡ ಕೆರೆದುಕೊಂಡರು. "ಶಿಕಾರಿಪುರದಲ್ಲಿ ನಿಮ್ಮ ಅಂಗಡೀಲೇ ಇಟ್ಕೊಳ್ರಿ."

"ಸೊರಬದಲ್ಲಿ ಇಡೋಣ ಸಾಬ್ರೇ" ಅಂದೆ.

"ಸೊರಬದಲ್ಲಾ?"

"ಚೈತ್ರಶ್ರೀ ಅವರ ಮನೇಲಿ. ತೆರೆದು ಕೇಳಿ ನೋಡೋದು ಅವರಿಗೆ ಗೊತ್ತಿರೋ ಕೆಲಸ, ತಪ್ಪಿದ್ರೆ ಹೇಳ್ತಾರೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಹೆಂಗೂ ಮುಚ್ಚಿರುತ್ತೆ. ನಾನೇ ಹೋಗಿ ಬರ್ತೀನಿ."

ಕಲೀಂ ಏನೋ ಹೇಳಲು ಬಾಯಿ ತೆಗೆದ. ಸಾಬರು ಅವನ ಕಾಲು ತುಳಿದರು ಎಂದು ಕಾಣುತ್ತದೆ, ಅಯ್ಯೋ ಅಂದ. ರೇಣುಕಾಪ್ರಸಾದ್ ಸ್ಕ್ರೂ ತಿರುಗಿಸುತ್ತ, "ಅವತ್ತು ಇಷ್ಟು ಮಾತಾಡಿದ್ರೆ ಆಗ್ತಿತ್ತಲ್ಲ ಮಾರಾಯ" ಅಂದರು. ಯಾಕೆ ಹಾಗಂದರೋ. ನಾನು ಮಾತಾಡಿದ್ದು ಡಿಸ್ಕಿನ ವಿಷಯ ಮಾತ್ರ.

ಅಕ್ಟೋಬರ್ 31

ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕೌದಿಯ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತ ಅಜ್ಜಿ, "ಏನಪ್ಪಾ, ಆಗಿಂದ ಒಬ್ನೇ ಮಾತಾಡ್ತಿದ್ದೀಯ?" ಅಂದಳು. ಬಾಯಿಪಾಠ ಅಜ್ಜಿ ಅಂದೆ.

ಚೈತ್ರಶ್ರೀ ಅವರು ಬಾಗಿಲಲ್ಲೇ ನಿಂತಿದ್ದರು. ಡಿಸ್ಕ್ ಕೈಗೆ ಕೊಟ್ಟೆ. ಕಬ್ಬಿಣದ ಬೀರುವಿನಲ್ಲಿ ಇಡಬೇಕು, ನೆಲದ ಮೇಲೆ ಬೇಡ, ದೇವರ ಮನೆಯಲ್ಲಂತೂ ಬೇಡವೇ ಬೇಡ ಎಂದು ಹೇಳಿದೆ. ಆಮೇಲೆ ಉಸಿರು ತೆಗೆದುಕೊಂಡು ಉಳಿದದ್ದನ್ನು ಹೇಳಿದೆ.

"ನೀವು ಮಾತಾಡೋದನ್ನ ಕೇಳೋಕೆ ಅಂತಾನೇ ಬಸ್ಸು ಹತ್ತಿ ಬಂದೆ."

ಈಗ ಅವರಿಗೆ ಒಂದೊಂದು ಮಾತಿಗೂ ಮುಂಚೆ ಜಾಗ ಬೇಕು.

"ಶಿವರಾಮ," ಅಂದರು. ನಿಲ್ಲಿಸಿದರು. "ಒಳಗೆ ಬನ್ನಿ."

ಆ ಧ್ವನಿಯಲ್ಲಿ ನನ್ನ ಹೆಸರು ಹಾಗೆ ಕೇಳಿಸುತ್ತದೆ. ಮೊಬೈಲು ಜೇಬಿನಲ್ಲೇ ಇತ್ತು. ರೆಕಾರ್ಡ್ ಮಾಡಬಹುದಿತ್ತು ಎಂದು ನೆನಪಾದದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ.